ಭಾವ ಬಿಟ್ಟುಹೋದ ಮೂರು ಲೆನ್ಸು

ಭಾವ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ ಅಕ್ಕ ಅವರ ಟ್ರಂಕು ತೆಗೆಸಿದಳು. ದೊಡ್ಡ ಕಾರಣವೇನೂ ಇರಲಿಲ್ಲ. ಆಲೂರಿನ ಮನೆಗೆ ಸುಣ್ಣ ಬಳಿಸುತ್ತಿದ್ದರು, ಟ್ರಂಕು ಅಡ್ಡ ಬರುತ್ತಿತ್ತು. ಮೇಲೊಂದು ಕಂಬಳಿ, ಅದರ ಕೆಳಗೆ ತೋಟದ ಹಳೆಯ ಲೆಕ್ಕದ ಪುಸ್ತಕಗಳು, ಎಲ್ಲಕ್ಕಿಂತ ಅಡಿಯಲ್ಲಿ ಚರ್ಮದ ಚೀಲಗಳು. ಒಂದರಲ್ಲಿ ಕ್ಯಾಮೆರಾ, ಉಳಿದ ಮೂರರಲ್ಲಿ ಮೂರು ಲೆನ್ಸು.

ಭಾವ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ನಮ್ಮ ಕಡೆ ರೈಟರ್ ಎಂದರೆ ಕಥೆ ಬರೆಯುವವರಲ್ಲ. ಆಳುಗಳ ಹಾಜರಿ, ಬಟವಾಡೆ, ಕೊಯ್ಲಿನ ತೂಕ ಬರೆಯುವವರು. ಅವರಿಗೆ ಇದ್ದದ್ದು ಒಂದೇ ಹುಚ್ಚು, ಫೋಟೊ. ಪಕ್ಕದ ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದಿದ್ದ ಕಾಲ ಅದು. ಭಾವನವರಿಗೆ ಹಕ್ಕಿಯ ಹಿಂದೆ ಓಡುವಷ್ಟು ರಜೆ ಎಲ್ಲಿಯದು? ಕಣದಲ್ಲಿ ಒಣಗುವ ಕಾಫಿ, ಲೈನ್ ಮನೆಯ ಮಕ್ಕಳು, ಹಸು, ಕರು, ಮಳೆಗೆ ಕುಸಿದ ಧರೆ, ಇವೇ ಅವರ ಚಿತ್ರಗಳು.

ಅಕ್ಕನ ಮಗ, ನನ್ನ ಅಳಿಯ, ಅಂದೇ ಲೆನ್ಸುಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಬೆಂಗಳೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿಗೆ ಕಳಿಸಿದ. ಸಂಜೆಗೆ ಉತ್ತರ ಬಂತು.

"ಮಾವ, ಇವು ಕಂಪನಿ ಲೆನ್ಸ್ ಅಲ್ಲವಂತೆ. ಥರ್ಡ್ ಪಾರ್ಟಿಯಂತೆ. ಅದರ ಮೇಲೆ ಬೂಷ್ಟು ಬೇರೆ. ಮೂರಕ್ಕೂ ಸೇರಿ ಐನೂರು ಕೊಡ್ತೀನಿ ಅಂತಾನೆ."

"ಕೊಡಬೇಡಪ್ಪಾ" ಎಂದವಳು ಅವನ ಮಗಳು. ಒಂಬತ್ತನೇ ಕ್ಲಾಸು. "ನಾನು ಇಟ್ಕೋತೀನಿ."

ಬ್ಯಾಂಕಿನಲ್ಲಿ ನಾವು ಥರ್ಡ್ ಪಾರ್ಟಿ ಎಂಬ ಮಾತು ಕೇಳಿದರೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೆವು. ಚೆಕ್ಕು ಬರೆದವನೂ ಅಲ್ಲ, ಪಡೆಯಬೇಕಾದವನೂ ಅಲ್ಲ, ನಡುವೆ ಯಾರೋ ಮೂರನೆಯವನು ಎಂದರೆ ಅನುಮಾನವೇ. ಕ್ಯಾಮೆರಾ ಪ್ರಪಂಚದಲ್ಲಿ ಇದರ ಅರ್ಥ ಸರಳ. ಕ್ಯಾಮೆರಾ ಮಾಡಿದ ಕಂಪನಿಯೇ ಅದಕ್ಕೆ ಲೆನ್ಸನ್ನೂ ಮಾಡುತ್ತದೆ. ಆದರೆ ಅದೇ ಕ್ಯಾಮೆರಾಕ್ಕೆ ಕೂರುವ ಹಾಗೆ ಬೇರೊಂದು ಕಂಪನಿಯೂ ಲೆನ್ಸು ಮಾಡಿ, ಕಡಿಮೆ ಬೆಲೆಗೆ ಮಾರಬಹುದು. ಟ್ಯಾಮ್ರಾನ್, ಸಿಗ್ಮಾ, ಟೋಕಿನಾ, ವಿವಿಟಾರ್ ಎಲ್ಲ ಹಾಗೆ ಹೆಸರು ಮಾಡಿದವು. ಭಾವನವರ ತಮ್ಮ ಗಲ್ಫಿನಲ್ಲಿದ್ದರು. 1978ರಲ್ಲಿ ಊರಿಗೆ ಬರುವಾಗ ಎರಡು ವಿವಿಟಾರ್ ಲೆನ್ಸು ತಂದುಕೊಟ್ಟರು. ಕಂಪನಿ ಲೆನ್ಸು ಒಂದರ ಬೆಲೆಗೆ ಇವು ಎರಡು ಬಂದವು ಎಂದು ಭಾವ ಹೆಮ್ಮೆಯಿಂದ ಹೇಳುತ್ತಿದ್ದರು.

ವಿವಿಟಾರ್ ಕಥೆ ಸ್ವಾರಸ್ಯದ್ದು. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಮ್ಯಾಕ್ಸ್ ಪಾಂಡರ್ ಮತ್ತು ಜಾನ್ ಬೆಸ್ಟ್ ಎಂಬಿಬ್ಬರು 1938ರಲ್ಲಿ ಶುರು ಮಾಡಿದ ವ್ಯಾಪಾರ ಅದು. ಲೆನ್ಸು ಮಾಡುವ ಕಾರ್ಖಾನೆ ಅವರಿಗಿರಲಿಲ್ಲ. ಜಪಾನಿನ ಬೇರೆ ಬೇರೆ ಕಾರ್ಖಾನೆಗಳಿಂದ ಮಾಡಿಸಿ ತಮ್ಮ ಹೆಸರು ಹಾಕಿ ಮಾರುತ್ತಿದ್ದರು. ಹಾಗಾದರೆ ಮಾಡಿದವರು ಯಾರು? ಅದನ್ನು ಲೆನ್ಸಿನ ನಂಬರೇ ಹೇಳುತ್ತದೆ. ಮೊದಲ ಎರಡು ಅಂಕಿ 22 ಇದ್ದರೆ ಕಿನೋ, 28 ಇದ್ದರೆ ಕೊಮಿನೆ, 37 ಇದ್ದರೆ ಟೋಕಿನಾ. ಮೂರನೆಯ ಅಂಕಿ ತಯಾರಾದ ಇಸವಿಯ ಕೊನೆಯ ಅಂಕಿ. ಅದರ ಮುಂದಿನ ಎರಡು, ವರ್ಷದ ಎಷ್ಟನೆಯ ವಾರ ಎಂಬುದು. ಜೀವಮಾನವೆಲ್ಲ ಚೆಕ್ಕಿನ ನಂಬರು ಓದಿದವನಿಗೆ ಇದಕ್ಕಿಂತ ಸಂತೋಷ ಬೇಕೆ! ಭೂತಗನ್ನಡಿ ಹಿಡಿದು ಕೂತೆ. 135 ಎಂಎಂ ಲೆನ್ಸಿನ ನಂಬರು 28618 ಎಂದು ಶುರುವಾಗುತ್ತಿತ್ತು. ಕೊಮಿನೆ ಕಾರ್ಖಾನೆ, ಕೊನೆಯಲ್ಲಿ 6 ಬರುವ ವರ್ಷ, ಹದಿನೆಂಟನೆಯ ವಾರ. ಭಾವನವರ ಕೈಗೆ ಬಂದದ್ದು 1978ರಲ್ಲಿ, ಆದ್ದರಿಂದ 1986 ಆಗಲಾರದು. 1976ರ ಏಪ್ರಿಲ್ ಕೊನೆಯೋ ಮೇ ಮೊದಲೋ ಇರಬೇಕು. 28 ಎಂಎಂ ಲೆನ್ಸಿನದು 22ರಿಂದ ಶುರು, ಕಿನೋ. ಅಳಿಯನನ್ನು ಕರೆದು, "ನೋಡಪ್ಪ, ಇದಕ್ಕೆ ಹುಟ್ಟಿದ ವಾರ ಸಮೇತ ಜಾತಕ ಇದೆ" ಎಂದೆ. ಅವನು ನಕ್ಕ, ಮಾರುವ ಮಾತು ಬಿಟ್ಟ.

ಮೂರನೆಯದು ಟ್ಯಾಮ್ರಾನ್ ಜೂಮ್. ತಮೂರಾ ಎಂಬ ಎಂಜಿನಿಯರರ ಹೆಸರಿನಿಂದ ಬಂದ ಹೆಸರದು. ಇವರ ಜಾಣತನ ಲೆನ್ಸಿನ ಹಿಂಭಾಗದಲ್ಲಿದೆ. ಒಂದೊಂದು ಕಂಪನಿಯ ಕ್ಯಾಮೆರಾಕ್ಕೂ ಒಂದೊಂದು ಬಗೆಯ ಬಾಯಿ. ಒಂದಕ್ಕೆ ಕೂರುವ ಲೆನ್ಸು ಇನ್ನೊಂದಕ್ಕೆ ಕೂರದು. ಟ್ಯಾಮ್ರಾನಿನವರು 1973ರಲ್ಲಿ ಅಡಾಪ್ಟಾಲ್ ಎಂಬ ಏರ್ಪಾಡು ತಂದರು, 1979ರಲ್ಲಿ ಅದನ್ನೇ ತಿದ್ದಿ ಅಡಾಪ್ಟಾಲ್-2 ಮಾಡಿದರು. ಲೆನ್ಸು ಒಂದೇ; ಹಿಂದಿನ ಬಳೆ ಮಾತ್ರ ಬೇರೆ ಬೇರೆ. ಕ್ಯಾಮೆರಾ ಬದಲಾಯಿಸಿದರೆ ಬಳೆ ಬದಲಾಯಿಸಿದರೆ ಸಾಕು. ಭಾವ ಮಾಡಿದ್ದೂ ಅದನ್ನೇ.

ಇನ್ನು ಬೂಷ್ಟಿನ ವಿಷಯ. ಮಲೆನಾಡಿನಲ್ಲಿ ಉಪ್ಪಿನಕಾಯಿಗೆ, ಚಪ್ಪಲಿಗೆ, ಮದುವೆ ಸೀರೆಗೆ ಬರುವ ಬೂಷ್ಟು ಲೆನ್ಸನ್ನು ಬಿಡುತ್ತದೆಯೆ? ಗಾಜನ್ನು ಅದು ಹೇಗೆ ತಿನ್ನುತ್ತದೆ ಎಂದು ಹುಡುಗಿ ಕೇಳಿದಳು. ಗಾಜನ್ನು ತಿನ್ನುವುದಿಲ್ಲ, ಗಾಜಿನ ಮೇಲೆ ಕೂತ ದೂಳು, ಎಣ್ಣೆಯ ಪಸೆ ಅದರ ಊಟ. ಬೆಳೆಯುತ್ತ ಬೆಳೆಯುತ್ತ ಅದು ಬಿಡುವ ಆಮ್ಲ ಲೆನ್ಸಿನ ಮೇಲಿನ ತೆಳುಲೇಪವನ್ನು ಕೊರೆಯುತ್ತದೆ, ಬಹಳ ಕಾಲ ಬಿಟ್ಟರೆ ಗಾಜಿನ ಮೇಲೂ ಗೀರು ಬೀಳುತ್ತದೆ. ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದರೆ ಜೇಡನ ಬಲೆಯಂಥ ಎಳೆಗಳು ಕಾಣುತ್ತವೆ. ಭಾವನವರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಬದುಕಿದ್ದಾಗ ಬೀರುವಿನಲ್ಲಿ ಸದಾ ಒಂದು ಸಣ್ಣ ಬಲ್ಬು ಉರಿಸಿ ಲೆನ್ಸು ಬೆಚ್ಚಗಿಡುತ್ತಿದ್ದರು. ಅವರು ಹೋದ ಮೇಲೆ ಅಕ್ಕ ಎಲ್ಲವನ್ನೂ ಅಚ್ಚುಕಟ್ಟಾಗಿ ಚರ್ಮದ ಚೀಲಕ್ಕೆ ಹಾಕಿ, ಟ್ರಂಕಿಗೆ ಬೀಗ ಜಡಿದಳು. ಜೋಪಾನ ಮಾಡಿದೆ ಎಂದುಕೊಂಡಳು ಪಾಪ. ಚರ್ಮ ತೇವ ಹಿಡಿದಿಡುತ್ತದೆ, ಬೀಗ ಹಾಕಿದ ಟ್ರಂಕಿನಲ್ಲಿ ಗಾಳಿಯಾಡದು, ಕತ್ತಲೆ ಬೇರೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಕಟ್ಟಿಕೊಡಲು ಸಾಧ್ಯವಿಲ್ಲ.

ಲೆನ್ಸು ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಒಳಗೆ ಗಾಜುಗಳು ಒಂದರ ಹಿಂದೊಂದು ಲೆಕ್ಕಾಚಾರದ ಅಂತರದಲ್ಲಿ ಕೂತಿರುತ್ತವೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಚಿತ್ರ ಮಂಕು. ಮೈಸೂರಿನಲ್ಲಿ ನನಗಿಂತ ವಯಸ್ಸಾದ ಒಬ್ಬ ರಿಪೇರಿಯವರಿದ್ದಾರೆ ಎಂದು ತಿಳಿದು ಬಸ್ಸು ಹತ್ತಿದೆವು. ಅವರು ಟಾರ್ಚು ಬಿಟ್ಟು ಮೂರನ್ನೂ ನೋಡಿದರು. "ಕಂಪನಿ ಲೆನ್ಸಲ್ಲ, ಆಗುತ್ತಾ ಸಾರ್?" ಎಂದೆ. "ಬೂಷ್ಟು ಕಂಪನಿ ಕೇಳಿ ಬರುತ್ತಾ?" ಎಂದರು. ಹದಿನೈದು ದಿನದ ಮೇಲೆ ಲೆಕ್ಕ ಹೀಗಾಯಿತು: 28 ಎಂಎಂ ಪೂರ್ತಿ ಶುದ್ಧ. 135ರಲ್ಲಿ ಬೂಷ್ಟು ಹೋಯಿತು, ಆದರೆ ಲೇಪ ಒಂದು ಮೂಲೆಯಲ್ಲಿ ಕೊರೆದುಹೋಗಿದೆ. ಸೂರ್ಯನಿಗೆ ಎದುರಾಗಿ ಹಿಡಿಯದಿದ್ದರೆ ಚಿತ್ರಕ್ಕೆ ತೊಂದರೆಯಿಲ್ಲ. ಜೂಮನ್ನು ಅವರು ಬಿಚ್ಚಲೇ ಇಲ್ಲ. ಅದರೊಳಗೆ ಗಾಜು ಬಹಳ, ಎಲ್ಲದರ ಮೇಲೂ ಬೂಷ್ಟು, ನಿಮ್ಮ ದುಡ್ಡು ದಂಡ ಎಂದರು. ದುಡ್ಡು ಬೇಡ ಎಂದವರ ಮಾತನ್ನು ನಂಬುವುದು ನನ್ನ ಪದ್ಧತಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಮುಂದೂಡುತ್ತಲೇ ಬಂದೆ.

ಟ್ರಂಕು ತೆಗೆದ ದಿನವೇ ಕ್ಯಾಮೆರಾ ಕೈಗೆತ್ತಿಕೊಂಡಿದ್ದೆ. ಪೆಂಟ್ಯಾಕ್ಸ್ ಕೆ1000. ಜಪಾನಿನ ಕಂಪನಿ 1976ರಿಂದ 1997ರವರೆಗೆ ತಯಾರಿಸಿದ ಗಟ್ಟಿ ಕ್ಯಾಮೆರಾ. ಬೆಳಕು ಅಳೆಯುವ ಮುಳ್ಳಿಗೆ ಬಿಟ್ಟರೆ ಇನ್ನೇನಕ್ಕೂ ಸೆಲ್ಲು ಬೇಡ. ಹುಡುಗಿಗೆ ತೋರಿಸುವ ಉತ್ಸಾಹ ನನಗೆ. "ನೋಡು, ಈ ರಿವೈಂಡ್ ಗುಂಡಿ ಮೇಲಕ್ಕೆಳೆದರೆ ಹಿಂದಿನ ಬಾಗಿಲು ತೆರೆಯುತ್ತೆ" ಎಂದು ಎಳೆದೇಬಿಟ್ಟೆ. ಒಳಗೆ ರೋಲು ಇತ್ತು.

ಮೂವತ್ತಾರು ವರ್ಷ ನೋಟಿನ ಕಟ್ಟನ್ನು ಮೂರು ಸಲ ಎಣಿಸದೆ ಕೈಬಿಡದವನು ನಾನು. ಕ್ಯಾಮೆರಾದ ಮೇಲಿನ ಎಣಿಕೆಯ ಕಿಂಡಿಯನ್ನು ಒಂದು ಸಲವಾದರೂ ನೋಡಬಾರದಿತ್ತೆ? ಬಾಗಿಲು ತೆರೆದೊಡನೆ ಆ ಎಣಿಕೆಯೂ ಮೊದಲಿಗೆ ಹೋಗಿ ನಿಲ್ಲುತ್ತದೆ, ಸಾಕ್ಷಿಯೂ ಇಲ್ಲ. ತಟ್ಟನೆ ಮುಚ್ಚಿದೆ. ಎರಡು ಸೆಕೆಂಡು ಇರಬಹುದು. ಕಿಟಕಿಯ ಬೆಳಕಿಗೆ ಎರಡು ಸೆಕೆಂಡು ಧಾರಾಳವಾಯಿತು. ಮಕ್ಕಳೇ, ಹಿರಿಯರ ಹಳೆಯ ಕ್ಯಾಮೆರಾ ನಿಮ್ಮ ಕೈಗೆ ಬಂದರೆ ಮೊದಲು ರಿವೈಂಡ್ ಗುಂಡಿಯನ್ನು ಬಾಣದ ಗುರುತಿನ ಕಡೆ ಮೆಲ್ಲಗೆ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಖಾಲಿ. ಬಿಗಿಯಾಗಿ ತಡೆದರೆ ಒಳಗೆ ರೋಲಿದೆ. ಆಗ ತೆರೆಯಬೇಡಿ.

ರೋಲು ಪೂರ್ತಿ ಹಾಳಾಗಲಿಲ್ಲ. ಅದಕ್ಕೆ ಕಾರಣ ಇದೆ. ಚಿತ್ರ ತೆಗೆದಂತೆಲ್ಲ ಫಿಲ್ಮು ಬಲಗಡೆಯ ಉರುಳೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಮೊದಲು ತೆಗೆದವು ಒಳಸುತ್ತಿನಲ್ಲಿ, ಕೊನೆಗೆ ತೆಗೆದವು ಹೊರಸುತ್ತಿನಲ್ಲಿ. ಬೆಳಕು ಬಿದ್ದಾಗ ಹೊರಸುತ್ತುಗಳು ಸುಟ್ಟು, ಒಳಸುತ್ತಿಗೆ ನೆರಳಾಗುತ್ತವೆ. ರೋಲನ್ನು ಹಿಂದಕ್ಕೆ ಸುತ್ತಿ, ತೊಳೆಯಲು ಬೆಂಗಳೂರಿಗೆ ಕಳಿಸಿದೆವು. ಮೊದಲ ಒಂಬತ್ತು ಚಿತ್ರ ಮಂಕಾಗಿಯಾದರೂ ಬಂದವು. ಹದಿಮೂರರವರೆಗೆ ಅಂಚಿನಿಂದ ನುಗ್ಗಿದ ಬೆಳಕಿನ ಪಟ್ಟಿಗಳ ನಡುವೆ ಅಷ್ಟಿಷ್ಟು ಗುರುತು ಸಿಗುತ್ತದೆ. ಅಲ್ಲಿಂದ ಮುಂದೆ ಏನೂ ಇಲ್ಲ.

ಏನು ಹೋಯಿತು ಎಂಬುದು ಗೊತ್ತಾಗದಿದ್ದರೆ ಮನಸ್ಸಿಗೆ ಅಷ್ಟು ಹತ್ತುತ್ತಿರಲಿಲ್ಲವೇನೋ. ಆದರೆ ಭಾವ ರೈಟರು. ತೆಗೆದ ಒಂದೊಂದು ಚಿತ್ರಕ್ಕೂ ಹಾಜರಿ ಹಾಕುವಂತೆ ಪುಸ್ತಕ ಇಟ್ಟಿದ್ದರು. ನಂಬರು, ಲೆನ್ಸು, ವೇಗ, ಎಫ್ ಅಂಕಿ, ಏನು ತೆಗೆದದ್ದು, ಎಲ್ಲ ಸಾಲಾಗಿ. ಟ್ರಂಕಿನಲ್ಲಿ ಅದೂ ಸಿಕ್ಕಿತು. ಕೊನೆಯ ಪುಟದಲ್ಲಿ 22 ಸಾಲು. ಬಂದ ಒಂಬತ್ತರಲ್ಲಿ ಕೆಂಚಮ್ಮನ ಹೊಸಕೋಟೆಗೆ ಹೋದ ದಿನದ ಐದು, ಹಿತ್ತಿಲಿನ ನಾಲ್ಕು. ಹೋದವುಗಳಲ್ಲಿ 20ನೆಯದರ ಎದುರು "ಇವಳು, ಬಾಗಿಲಲ್ಲಿ, 135, 1/125, 4" ಎಂದಿತ್ತು. 22ರ ಎದುರು "ಗೌರಿಯ ಕರು" ಎಂದಿತ್ತು.

ಅಕ್ಕನಿಗೆ ಓದಿ ಹೇಳುವಾಗ ನನ್ನ ಗಂಟಲು ಸರಿಯಿರಲಿಲ್ಲ. ಅವಳು ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದವಳು ತಲೆ ಎತ್ತದೆ, "ನನ್ನ ಮುಖ ನಾನು ದಿನಾ ನೋಡ್ತೀನಿ ಬಿಡೋ. ಆ ಕರುವಿನದು ಬಂದಿದ್ರೆ ಚೆನ್ನಾಗಿತ್ತು. ಅದು ಉಳೀಲಿಲ್ಲ" ಎಂದಳು. ಆಮೇಲೆ ಆ ವಿಷಯ ಎತ್ತಿಲ್ಲ. ನಾನೂ ಎತ್ತಿಲ್ಲ.

ಲೆನ್ಸು ಕೈಗೆ ಬಂದ ಮೇಲೂ ಒಂದು ತೊಡಕು ಕಾದಿತ್ತು. ಅಳಿಯನ ಸ್ನೇಹಿತನ ಹತ್ತಿರ ಹಳೆಯ ನಿಕಾನ್ ಫಿಲ್ಮ್ ಕ್ಯಾಮೆರಾ ಇತ್ತು. ಒಂದು ಅಡಾಪ್ಟರ್ ತಂದು ಅದಕ್ಕೆ 28 ಎಂಎಂ ಹಾಕಿದರು. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ಎದುರಿನ ಗುಡ್ಡ ಎಷ್ಟು ತಿರುಗಿಸಿದರೂ ಮಸುಕು. ರಿಪೇರಿಯವರು ಕೆಡಿಸಿದರು ಎಂದೇ ಮಾತಾಯಿತು. ಕೆಡಿಸಿರಲಿಲ್ಲ. ಈ ಎರಡು ವಿವಿಟಾರುಗಳದು ತಿರುಪಿನ ಬಾಯಿ, ಎಂ42 ಎನ್ನುತ್ತಾರೆ. 42 ಮಿಲಿಮೀಟರ್ ಅಗಲದ ತಿರುಪು. ಭಾವನವರ ಮೊದಲ ಕ್ಯಾಮೆರಾ ಅಂಥದ್ದು. ಎಂ42 ಲೆನ್ಸು ಫಿಲ್ಮಿನಿಂದ 45.46 ಮಿಲಿಮೀಟರ್ ದೂರದಲ್ಲಿ ಕೂರಬೇಕು. ನಿಕಾನಿನಲ್ಲಿ ಆ ದೂರ 46.5. ಒಂದು ಮಿಲಿಮೀಟರ್ ಮುಂದೆ ಹೋದರೆ ಲೆನ್ಸಿಗೆ ದೂರದೃಷ್ಟಿ ಹೋಗುತ್ತದೆ, ನನ್ನ ಕಣ್ಣಿನ ಹಾಗೆ. ಕೆ1000ದಲ್ಲಿ ಆ ದೂರವೂ 45.46. ತಮ್ಮ ಹಳೆಯ ತಿರುಪಿನ ಲೆನ್ಸುಗಳನ್ನು ಗಿರಾಕಿಗಳು ಎಸೆಯಬೇಕಾಗದಿರಲಿ ಎಂದು ಪೆಂಟ್ಯಾಕ್ಸ್‌ನವರು ಅಳತೆ ಬದಲಾಯಿಸದೆ, ಒಂದು ಸಣ್ಣ ಬಳೆಯನ್ನೂ ಮಾರುತ್ತಿದ್ದರು. ಆ ಬಳೆ ಭಾವನವರ ಕ್ಯಾಮೆರಾದ ಬಾಯಲ್ಲೇ ಕೂತಿತ್ತು. ಹಾಕಿದೆವು. ಗುಡ್ಡ ಸ್ಪಷ್ಟವಾಗಿ ಬಂತು.

ಬಳೆಯ ಮೂಲಕ ಹಾಕಿದ ಲೆನ್ಸಿನಲ್ಲಿ ಒಂದು ಕೆಲಸ ಹೆಚ್ಚು. ಲೆನ್ಸಿನ ಪಕ್ಕದ ಪುಟ್ಟ ಗುಂಡಿಯನ್ನು 'ಎ'ಯಿಂದ 'ಎಂ'ಗೆ ತಳ್ಳಬೇಕು. ಮೊದಲು ಕಿಂಡಿ ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಕೈಯಿಂದಲೇ ಬೇಕಾದ ಎಫ್ ಅಂಕಿಗೆ ತಂದು, ಮುಳ್ಳು ನೋಡಿ, ಗುಂಡಿ ಒತ್ತಬೇಕು. ಮರೆತರೆ ಚಿತ್ರ ಬೆಳ್ಳಗೆ. ಕೆ1000ದ ಬೆಳಕಿನ ಮುಳ್ಳನ್ನು ಆರಿಸುವ ಸ್ವಿಚ್ಚೂ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿಟ್ಟರೆ ಮಾತ್ರ ಸೆಲ್ಲು ಉಳಿಯುತ್ತದೆ. ಹುಡುಗಿ ಇದನ್ನೆಲ್ಲ ಎರಡೇ ದಿನದಲ್ಲಿ ಕಲಿತಳು. ಎಫ್ ಅಂಕಿಯ ಭಾಗಾಕಾರ ಅವಳಿಗೆ ಬಹಳ ಹಿಡಿಸಿತು: 135ನ್ನು 2.8ರಿಂದ ಭಾಗಿಸಿದರೆ 48, ಅಂದರೆ ಕಿಂಡಿ ಪೂರ್ತಿ ತೆರೆದಾಗ 48 ಮಿಲಿಮೀಟರ್ ಅಗಲ. ಅದೇ ಲೆನ್ಸು ಎಫ್ 16ಕ್ಕೆ ಬಂದರೆ ಎಂಟೂವರೆಗಿಂತ ಕಡಿಮೆ. ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು ಏಕೆ ಎಂದು ನನ್ನನ್ನು ಯಾರೂ ಹೀಗೆ ಭಾಗಿಸಿ ಕಲಿಸಿರಲಿಲ್ಲ.

ಫೆಬ್ರವರಿಯಲ್ಲಿ ಮಂಜರಾಬಾದ್ ಕೋಟೆಗೆ ಹೋದೆವು. ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ದೋಣಿಗಾಲಿನ ಹತ್ತಿರ, ಗುಡ್ಡದ ಮೇಲೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ. ಕೋಟೆಯ ನೆತ್ತಿಯ ಮೇಲಿಂದ ತೆಗೆದ ಫೋಟೊಗಳನ್ನು ಮೊಬೈಲಿನಲ್ಲಿ ನೋಡಿದ್ದ ಹುಡುಗಿ ಒಳಗೆ ಕಾಲಿಟ್ಟೊಡನೆ, "ತಾತ, ನಕ್ಷತ್ರ ಎಲ್ಲಿ?" ಎಂದಳು. ನೆಲದ ಮೇಲೆ ನಿಂತವರಿಗೆ ನಕ್ಷತ್ರ ಕಾಣುವುದಿಲ್ಲ. ಮಾಮೂಲು 50 ಎಂಎಂ ಲೆನ್ಸು ಮೂಲೆಯಿಂದ ಮೂಲೆಗೆ 46 ಡಿಗ್ರಿ ನೋಡುತ್ತದೆ, 28 ಎಂಎಂ 75 ಡಿಗ್ರಿ. 75 ಡಿಗ್ರಿಯಲ್ಲೂ ಸಿಕ್ಕಿದ್ದು ನಕ್ಷತ್ರದ ಒಂದೇ ಮೂಲೆ. ಗೋಡೆಯ ಮೇಲೆ ಓಡಾಡಿ, ನಡುವಿನ ಕೊಳದ ಮೆಟ್ಟಿಲಿಗೆ ಇಳಿದು ಹತ್ತಿ, ಒಂದು ಗಂಟೆಯಲ್ಲಿ ಅವಳು ತೆಗೆದದ್ದು ನಾಲ್ಕು ಚಿತ್ರ. ಮೊಬೈಲಿನಲ್ಲಾಗಿದ್ದರೆ ನಾನೂರು ಆಗುತ್ತಿತ್ತು. ರೋಲಿನ ಬೆಲೆ, ತೊಳೆಸುವ ಖರ್ಚು ಸೇರಿದರೆ ಬ್ಯಾಂಕಿನಲ್ಲಿ ನಾನು ಪಡೆದ ಮೊದಲ ಸಂಬಳಕ್ಕಿಂತ ಹೆಚ್ಚಾಗುತ್ತದೆ ಎಂದು ಮೊದಲೇ ಹೆದರಿಸಿದ್ದೆ.

ಅಷ್ಟರಲ್ಲಿ ಕಣಿವೆಯಿಂದ ಮಂಜು ಏರಿತು. ಕೋಟೆಗೆ ಆ ಹೆಸರು ಬಂದದ್ದೇ ಮಂಜಿನಿಂದ ಎಂದು ಇಲ್ಲಿಯವರು ಹೇಳುವುದುಂಟು. ಬಟನ್ ಸೆಲ್ಲೂ ಆ ದಿನವೇ ಕೈಕೊಟ್ಟಿತು, ಮುಳ್ಳು ಅಲ್ಲಾಡಲಿಲ್ಲ. ಹುಡುಗಿ ಭಾವನವರ ಪುಸ್ತಕ ತೆಗೆದಳು. ಮೊದಲ ಪುಟದಲ್ಲಿ ಅವರ ಕೈಬರಹ: "ಬಿಸಿಲು 125, 16. ಮೋಡ 125, 8. ಮಂಜು 125, 4." ಭಾವ ಆ ಕಾಲಕ್ಕೆ ಬಳಸುತ್ತಿದ್ದದ್ದು ಪೂರ್ವ ಜರ್ಮನಿಯ ಓರ್ವೊ ಎನ್‌ಪಿ 22 ರೋಲು, 125 ವೇಗದ್ದು, ಅದು ಸಿಗದಾಗ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು ಫಿಲ್ಮು. ಒಳ್ಳೆಯ ಬಿಸಿಲಿನಲ್ಲಿ ಎಫ್ 16 ಇಟ್ಟು, ಫಿಲ್ಮಿನ ವೇಗವೆಷ್ಟೋ ಸೆಕೆಂಡಿನ ಅಷ್ಟನೆಯ ಒಂದು ಭಾಗ ಇಟ್ಟರೆ ಸರಿ ಎಂಬುದು ಜಗತ್ತಿಗೆಲ್ಲ ಒಂದೇ ಲೆಕ್ಕ. ಮಂಜಿನ ಸಾಲು ಮಾತ್ರ ನಮ್ಮ ಗುಡ್ಡದಲ್ಲಿ ಅವರು ತಪ್ಪಿ ತಪ್ಪಿ ಕಂಡುಕೊಂಡದ್ದು. ಇವಳ ರೋಲು 400ರದ್ದು. ಒಂದು ಕ್ಷಣ ಬೆರಳು ಮಡಚಿ, 1/500 ಇಟ್ಟು, ಎಫ್ 4ಕ್ಕೆ ತಿರುಗಿಸಿದಳು. ಆ ಚಿತ್ರ ಚೆನ್ನಾಗಿ ಬಂದರೆ ಅರ್ಧ ಪಾಲು ಭಾವನವರದು.

ಮಾರ್ಚಿನಲ್ಲಿ ಮಳೆ ಬಿದ್ದು ಕಾಫಿ ಹೂ ಬಿಟ್ಟಿತು. ತೋಟವೆಲ್ಲ ಬಿಳಿ, ಮಲ್ಲಿಗೆಯಂಥ ವಾಸನೆ, ಮೂರ್ನಾಲ್ಕು ದಿನದ ವೈಭವ. ಅಷ್ಟು ಬಿಳಿಯನ್ನು ಕಂಡರೆ ಕ್ಯಾಮೆರಾದ ಮುಳ್ಳು ಮೋಸ ಹೋಗುತ್ತದೆ, ಹೂವನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಮುಳ್ಳು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಡು ಎಂದು ನಾನು ಹೇಳಬೇಕೆಂದಿದ್ದೆ; ಪುಸ್ತಕದಲ್ಲಿ ಅದೂ ಇತ್ತು.

135 ಎಂಎಂ ಲೆನ್ಸಿನ ಬಗ್ಗೆ ಮನೆಯಲ್ಲಿ ಒಂದು ಕಟ್ಟಪ್ಪಣೆ ಆಗಿದೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆಗಳ ಓಡಾಟ ಎಲ್ಲರಿಗೂ ಗೊತ್ತು. ಆನೆ ಇಂಥ ಕಡೆ ಇದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ, ಅಂದು ಮಕ್ಕಳು ಹೊರಗೆ ಹೋಗುವಂತಿಲ್ಲ. 135ರಲ್ಲಿ ಆನೆ ಚಿತ್ರದ ತುಂಬ ಬರಬೇಕಾದರೆ ಮನುಷ್ಯ ನಿಲ್ಲಬಾರದಷ್ಟು ಹತ್ತಿರ ನಿಲ್ಲಬೇಕು. ಆದ್ದರಿಂದ ಆ ಲೆನ್ಸು ಕಾಫಿ ಹೂವಿಗೆ, ಬಾಗಿಲಲ್ಲಿ ಕೂತ ಅಜ್ಜಿಗೆ, ಅಷ್ಟಕ್ಕೇ. ಅಜ್ಜಿಯ ಚಿತ್ರ ಆಗಿದೆ. ಭಾವ ಬರೆದಿಟ್ಟಿದ್ದ ಅದೇ ಬಾಗಿಲು, ಅದೇ ಲೆನ್ಸು, ಎಫ್ 4. ಅಕ್ಕ ಸೆರಗು ಸರಿಮಾಡಿಕೊಳ್ಳುವ ಮೊದಲೇ ಹುಡುಗಿ ಗುಂಡಿ ಒತ್ತಿದ್ದಳು, ಅದಕ್ಕೆ ಬೈಸಿಕೊಂಡಳು.

ಜೂನ್ ಬಂದಿದೆ. ಎರಡು ಲೆನ್ಸೂ ಈಗ ಚರ್ಮದ ಚೀಲದಲ್ಲಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇವೆ. ಜೆಲ್ಲಿನ ನೀಲಿ ಕಾಳು ತೇವ ಕುಡಿದು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ ಮತ್ತೆ ನೀಲಿಯಾಗಿಸಬೇಕು. ಅದಕ್ಕೇ ಒಂದು ಹಳೆಯ ಬಾಣಲೆ, ಅಡುಗೆಗೆ ಅದು ಬೇಡ ಎಂದು ಅಕ್ಕ ಬೇರೆ ಇಟ್ಟಿದ್ದಾಳೆ. ಒಂದು ತೇವಮಾಪಕವೂ ಡಬ್ಬಿಯಲ್ಲಿದೆ. ಮುಳ್ಳು 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು, ಭಾನುವಾರ ಭಾನುವಾರ ನೋಡಿ ಬರೆಯುವ ಕೆಲಸ ಹುಡುಗಿಯದು. ಬೂಷ್ಟು ಹಿಡಿದ ಟ್ಯಾಮ್ರಾನ್ ಬೇರೆ ಕೋಣೆಯಲ್ಲಿದೆ, ಸೋಂಕು ಇವುಗಳಿಗೆ ತಗುಲದಿರಲಿ ಎಂದು. ಅದರ ಬಳೆಯನ್ನು ಮಾತ್ರ ಕಳಚಿಟ್ಟಿದ್ದೇವೆ, ಯಾವತ್ತಾದರೂ ಶುದ್ಧವಾದ ಇನ್ನೊಂದು ಟ್ಯಾಮ್ರಾನ್ ಸಿಕ್ಕಿದರೆ ಬೇಕಾದೀತು.

ಭಾವನವರ ಪುಸ್ತಕದಲ್ಲಿ 22ನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆದು, ಮುಂದಿನ ಪುಟದಲ್ಲಿ ಹುಡುಗಿ 1ರಿಂದ ಬರೆಯಲು ಶುರುಮಾಡಿದ್ದಾಳೆ. ಈಗ 25ಕ್ಕೆ ಬಂದಿದೆ. ಇನ್ನೂ ಹನ್ನೊಂದು ಉಳಿದಿವೆ. ಮಳೆ ಬಿಡಲಿ ಎಂದು ಕಾಯುತ್ತಿದ್ದೇವೆ. ಕ್ಯಾಮೆರಾದ ಹಿಂಬಾಗಿಲಿಗೆ ಅವಳು ಒಂದು ಚೀಟಿ ಅಂಟಿಸಿದ್ದಾಳೆ: "ಒಳಗೆ ರೋಲು ಇದೆ. ತಾತ, ತೆಗೆಯಬೇಡಿ."